ಹಾನ್ ಕಾಲದ ಚೀನಾ: ಮುಂದಿನ ಚಕ್ರವರ್ತಿಯನ್ನು ನಿಜವಾಗಿ ಆರಿಸುತ್ತಿದ್ದವರು ಯಾರು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಪ್ರಾಚೀನ ಚೀನಾದ ಚಕ್ರವರ್ತಿಗಳ ಬಗ್ಗೆ ಓದುತ್ತಾ ಓದುತ್ತಾ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಪಟ್ಟದರಸಿಯ ಹಿರಿಮಗನಿಗೇ ಪಟ್ಟ ಎಂಬ ನಿಯಮ ಅಲ್ಲಿ ಝೌ ಅರಸರ ಕಾಲದಿಂದಲೇ ಇತ್ತು. ಅದಕ್ಕೂ ಹಿಂದಿನ ಷಾಂಗ್ ಅರಸರಲ್ಲಿ ಅಣ್ಣನ ನಂತರ ತಮ್ಮ ಗದ್ದುಗೆ ಏರುವುದೂ ನಡೆಯುತ್ತಿತ್ತು. ಝೌಗಳು ಅದನ್ನು ಬಿಟ್ಟರು. ಮಕ್ಕಳಲ್ಲಿ ಜಾಣ ಯಾರೆಂದು ನೋಡುವುದೇ ಬೇಡ, ಪಟ್ಟದರಸಿಯ ಹೊಟ್ಟೆಯಲ್ಲಿ ಮೊದಲು ಹುಟ್ಟಿದವನು ಯಾರೆಂದಷ್ಟೇ ನೋಡಿ ಎಂದರು. ಜಗಳಕ್ಕೆ ಆಸ್ಪದವೇ ಇಲ್ಲದ ನಿಯಮ. ಹಾಗಿದ್ದೂ ಚಿನ್ ಮತ್ತು ಪಶ್ಚಿಮ ಹಾನ್ ವಂಶಗಳ ಪಟ್ಟಿ ತೆಗೆದು ನೋಡಿದರೆ, ನಿಯಮದಂತೆ, ಗಲಾಟೆಯಿಲ್ಲದೆ ಪಟ್ಟ ಕೈಬದಲಾದದ್ದು ಬೆರಳೆಣಿಕೆಯಷ್ಟು. ಚಕ್ರವರ್ತಿ ಕಣ್ಣು ಮುಚ್ಚಿದ ಗಳಿಗೆಯಲ್ಲಿ ಮುಂದಿನವನನ್ನು ಆರಿಸುತ್ತಿದ್ದವರು ಯಾರು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ. ಟಾಂಗ್, ಮಿಂಗ್ ಕಾಲಕ್ಕೆ ಹೋಗುವುದು ಬೇಡ, ಚಿನ್ ಮತ್ತು ಹಾನ್ ಕಾಲದಲ್ಲೇ ಇರೋಣ.

ಸಮಾಜ ಮೇಡಂ:
ಒಳ್ಳೆಯ ಪ್ರಶ್ನೆ. ಮೊದಲ ಸಾವಿನಿಂದಲೇ ಶುರುಮಾಡೋಣ. ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಕ್ರಿ.ಪೂ. 210ರ ಬೇಸಿಗೆಯಲ್ಲಿ, ರಾಜ್ಯ ಸಂಚಾರದಲ್ಲಿದ್ದಾಗ, ಇಂದಿನ ಹೆಬೈ ಪ್ರಾಂತ್ಯದ ಶಾಚಿಯು ಎಂಬಲ್ಲಿ ತೀರಿಕೊಂಡ. ಯುವರಾಜನೆಂದು ಯಾರನ್ನೂ ಘೋಷಿಸಿರಲಿಲ್ಲ. ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಬರೆದ ಇತಿಹಾಸದ ಪ್ರಕಾರ, ಸಾಯುವ ಮುನ್ನ ಹಿರಿಮಗ ಫುಸುಗೆ ಒಂದು ಪತ್ರ ಬರೆಸಿದ್ದ: ರಾಜಧಾನಿ ಶಿಯೆನ್‌ಯಾಂಗ್‌ಗೆ ಬಂದು ನನ್ನ ಶವವನ್ನು ಎದುರುಗೊಂಡು ಸಂಸ್ಕಾರ ಮಾಡು ಎಂದು. ಪತ್ರಕ್ಕೆ ಮುದ್ರೆ ಬಿತ್ತು, ದೂತನ ಕೈಗೆ ಮಾತ್ರ ಹೋಗಲಿಲ್ಲ. ಮುದ್ರೆಯ ಉಸ್ತುವಾರಿ ಝಾವೊ ಗಾವೊ ಎಂಬುವನ ಹತ್ತಿರ ಇತ್ತು. ಪತ್ರವೂ ಅವನಲ್ಲೇ ಉಳಿಯಿತು.

ಸಾವಿನ ಸುದ್ದಿ ಗೊತ್ತಿದ್ದದ್ದು ಕಿರಿಮಗ ಹುಹಾಯ್, ಪ್ರಧಾನಿ ಲಿ ಸಿ, ಝಾವೊ ಗಾವೊ ಮತ್ತು ಐದಾರು ಆಪ್ತ ಸೇವಕರಿಗೆ ಮಾತ್ರ. ಶವವನ್ನು ಮುಚ್ಚಿದ ರಥದಲ್ಲಿಟ್ಟು ಎಂದಿನಂತೆ ಊಟ ಒಳಗೆ ಕಳಿಸಿದರು, ಅಧಿಕಾರಿಗಳು ರಥದ ಹೊರಗೆ ನಿಂತು ವರದಿ ಒಪ್ಪಿಸಿದರು, ಒಳಗಿನಿಂದ ಸೇವಕನೊಬ್ಬ ಅಪ್ಪಣೆ ಕೊಟ್ಟ. ಸೆಕೆಗೆ ಹೆಣ ನಾರತೊಡಗಿದಾಗ ಹಿಂದಿನ ಗಾಡಿಗಳಲ್ಲಿ ಉಪ್ಪುಮೀನು ತುಂಬಿಸಿದರು. ಅದೇ ಹೊತ್ತಿನಲ್ಲಿ ಇನ್ನೊಂದು ಪತ್ರ ತಯಾರಾಯಿತು: ಫುಸು ಪ್ರಾಣ ಕಳೆದುಕೊಳ್ಳಬೇಕು ಎಂದು.

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಇದೆ ಅನಿಸುತ್ತದೆ. ಮುದ್ರೆ ಯಾರ ಕೈಯಲ್ಲಿತ್ತೋ ಅವರು ಆರಿಸಿದರು.

ಮಲಪ್ರಭಾ:
ಅಲ್ರಿ ಮೇಡಂ, ಈ ಕಥಿ ಓದಿದಾಗೆಲ್ಲ ನನಗ ಒಂದ ಮಾತು ತಿಳೀವಲ್ದು. ಫುಸು ಇದ್ದದ್ದು ಉತ್ತರದ ಗಡಿಯೊಳಗ, ಸೇನಾಪತಿ ಮೆಂಗ್ ಟಿಯೆನ್ ಜೋಡಿ. ಮೂರು ಲಕ್ಷ ಸೈನ್ಯ ಅಲ್ಲೇ ಇತ್ತು. ಒಂದ ಪತ್ರ ಬಂತು ಅಂತ ಹೇಳಿ ಹಿರೇಮಗ ಕತ್ತಿ ತಗೊಂಡು ಪ್ರಾಣ ಬಿಟ್ಟಾನಂದ್ರ ನಂಬೋದು ಹೆಂಗ? ಸೈನ್ಯ ತಗೊಂಡು ಶಿಯೆನ್‌ಯಾಂಗ್‌ಗೆ ನಡದಿದ್ರ ಯಾರು ತಡೀತಿದ್ರು? ಮುದ್ರಿಗೆ ಅಷ್ಟು ಶಕ್ತಿ ಇತ್ತೇನು?

ಸಮಾಜ ಮೇಡಂ:
ಮೆಂಗ್ ಟಿಯೆನ್ ಕೂಡ ನಿಮ್ಮ ಹಾಗೆಯೇ ಅನುಮಾನಪಟ್ಟ. ಒಬ್ಬ ದೂತ ಬಂದ ಮಾತ್ರಕ್ಕೆ ಸಾಯುವುದೇ, ಇದು ಮೋಸವಲ್ಲವೆಂದು ಹೇಗೆ ಹೇಳುತ್ತೀರಿ, ಮೊದಲು ಮರುಅರ್ಜಿ ಹಾಕಿ ಕೇಳಿ, ಆಮೇಲೆ ಬೇಕಾದರೆ ಸಾಯಿರಿ ಎಂದು ತಡೆದ. ದೂತ ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಅವಸರಪಡಿಸುತ್ತಿದ್ದ. ಫುಸು ಕೊಟ್ಟ ಉತ್ತರ ಒಂದೇ: ತಂದೆ ಮಗನಿಗೆ ಸಾಯಿ ಎಂದ ಮೇಲೆ ಮತ್ತೆ ಕೇಳುವುದೇನಿದೆ? ಹುಹಾಯ್‌ನನ್ನು ಪಟ್ಟಕ್ಕೆ ತಂದ ಲಿ ಸಿ ಎರಡು ವರ್ಷದೊಳಗೆ ಶಿಯೆನ್‌ಯಾಂಗ್‌ನ ಸಂತೆಬೀದಿಯಲ್ಲಿ ಸೊಂಟ ಕಡಿಸಿಕೊಂಡು ಸತ್ತ. ಇತರ ರಾಜಕುಮಾರರಲ್ಲಿ ಹನ್ನೆರಡು ಜನರನ್ನು ಅದೇ ಸಂತೆಯಲ್ಲಿ ಕೊಲ್ಲಲಾಯಿತು, ಹತ್ತು ರಾಜಕುಮಾರಿಯರಿಗೂ ಘೋರ ಸಾವು. ಕ್ರಿ.ಪೂ. 207ರಲ್ಲಿ ಹುಹಾಯ್ ತಾನೇ ಪ್ರಾಣ ಕಳೆದುಕೊಳ್ಳುವಂತೆ ಮಾಡಿದವನು ಝಾವೊ ಗಾವೊ. ಇದನ್ನು ಪಾಠ ಮಾಡುವಾಗ ಮಕ್ಕಳು ತರಗತಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತಾರೆ.

ಶಾಸನಪ್ರಿಯ:
ಇಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು. ಶಾಚಿಯುವಿನ ಈ ಇಡೀ ಕಥೆ ಸುಮಾರು ನೂರು ವರ್ಷದ ನಂತರ ಬರೆದ ಸಿಮಾ ಚಿಯೆನ್‌ನಿಂದ ಬಂದದ್ದು. ಐದಾರು ಜನಕ್ಕೆ ಮಾತ್ರ ಗೊತ್ತಿದ್ದ ಸಂಚಿನ ಸಂಭಾಷಣೆಗಳು ಅವನಿಗೆ ಮಾತುಮಾತಾಗಿ ಸಿಕ್ಕಿದ್ದಾದರೂ ಹೇಗೆ ಎಂಬ ಪ್ರಶ್ನೆ ಹಳೆಯದು. ಈಗ ಎರಡು ಹೊಸ ಸಾಕ್ಷ್ಯಗಳಿವೆ. 2009ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಕೈಸೇರಿದ ಹಾನ್ ಕಾಲದ ಬಿದಿರು ಪಟ್ಟಿಗಳಲ್ಲಿ ಇದೇ ಘಟನೆಯ ಬೇರೆ ಪಾಠವಿದೆ. ಅದರಲ್ಲಿ ಲಿ ಸಿ ಮತ್ತಿತರರು ಹುಹಾಯ್ ಹೆಸರನ್ನು ಸೂಚಿಸುತ್ತಾರೆ, ಸಾಯುತ್ತಿರುವ ಚಕ್ರವರ್ತಿ ಒಪ್ಪುತ್ತಾನೆ. ಖೊಟ್ಟಿ ಪತ್ರದ ಮಾತೇ ಇಲ್ಲ. ಇನ್ನೊಂದು, 2013ರಲ್ಲಿ ಹುನಾನ್ ಪ್ರಾಂತ್ಯದ ಯಿಯಾಂಗ್‌ನಲ್ಲಿ ಹಳೆಯ ಬಾವಿಯೊಂದರಲ್ಲಿ ಸಿಕ್ಕ ಪಟ್ಟಿ. ಅದು ಹುಹಾಯ್ ಪಟ್ಟಕ್ಕೆ ಬಂದಾಗಿನ ಶಾಸನ. ತಂದೆಯ ಅಂತಿಮ ಅಪ್ಪಣೆಯಂತೆ ಗದ್ದುಗೆ ಹಿಡಿದಿದ್ದೇನೆ ಎಂದು ಅವನೇ ಸಾರುತ್ತಾನೆ.

ಹೊಸ ಅರಸನ ಘೋಷಣೆಯನ್ನು ಸತ್ಯವೆಂದು ಒಪ್ಪಬೇಕಿಲ್ಲ, ಗದ್ದುಗೆ ಹಿಡಿದ ಯಾರೇ ಆದರೂ ಹಾಗೆಯೇ ಬರೆಸುತ್ತಿದ್ದರು. ಆದರೆ ರಾಜಧಾನಿಯಿಂದ ಅಷ್ಟು ದೂರದ ಒಂದು ಕಚೇರಿಯವರೆಗೂ ಆ ಮಾತನ್ನು ತಲುಪಿಸುವ ಅಗತ್ಯ ಅವನಿಗೆ ಕಂಡಿತ್ತು. ಅದು ನನಗೆ ಮುಖ್ಯವಾಗಿ ಕಾಣುತ್ತದೆ.

ಕಟಕಟೆ:
ಶಾಸನಪ್ರಿಯರು ಕೊನೆಗೆ ಹೇಳಿದ್ದೇ ನನ್ನ ವಾದ. ನಾನು ವೃತ್ತಿಯಿಂದ ವಕೀಲ, ಆ ಕಣ್ಣಿನಿಂದಲೇ ಓದುತ್ತೇನೆ. ಬಲ ಒಂದೇ ಸಾಕಾಗಿದ್ದರೆ ಖೊಟ್ಟಿ ಪತ್ರ ಯಾಕೆ ಬೇಕಿತ್ತು? ಅಪ್ಪಣೆ, ಮುದ್ರೆ, ತಂದೆಯ ಹೆಸರು ಇವೆಲ್ಲ ಇಲ್ಲದೆ ಯಾರೂ ಒಂದು ಹೆಜ್ಜೆ ಇಡಲಿಲ್ಲ. ನಿಯಮ ಮುರಿದವರೂ ನಿಯಮದ ವೇಷದಲ್ಲೇ ಮುರಿದರು. ಆದ್ದರಿಂದ ನಿಯಮಕ್ಕೆ ಬೆಲೆಯಿರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಶಾಸನಪ್ರಿಯ:
ಕಟಕಟೆ ಅವರೇ, ವೇಷ ಬೇಕಿತ್ತು ಎಂಬುದು ಸರಿ. ಆದರೆ ಆ ವೇಷ ತೊಡಿಸುವ ಅವಕಾಶ ಯಾರಿಗೆ ಸಿಗುತ್ತಿತ್ತು? ಅರಮನೆಯ ಬಾಗಿಲು ಯಾರ ಹಿಡಿತದಲ್ಲಿತ್ತೋ ಅವರಿಗೆ. ಮುದ್ರೆ ಇದ್ದದ್ದೂ ಆ ಬಾಗಿಲ ಒಳಗೇ. ಹಾನ್ ಕಾಲದ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಹಾನ್ ವಂಶ ಕಟ್ಟಿದ ಲಿಯು ಬಾಂಗ್ ಕ್ರಿ.ಪೂ. 195ರಲ್ಲಿ ತೀರಿಕೊಂಡ. ಪಟ್ಟದರಸಿ ಲ್ಯೂ ಹದಿನೈದು ವರ್ಷ ಅಧಿಕಾರ ನಡೆಸಿದಳು, ಮೊದಲು ಮಗನ ಹೆಸರಲ್ಲಿ, ನಂತರ ಇಬ್ಬರು ಎಳೆಯ ಚಕ್ರವರ್ತಿಗಳ ಹೆಸರಲ್ಲಿ. ಕ್ರಿ.ಪೂ. 180ರಲ್ಲಿ ಆಕೆ ಸತ್ತ ಕೂಡಲೇ ಝೌ ಬೊ, ಚೆನ್ ಪಿಂಗ್ ಮುಂತಾದ ಹಿರಿಯ ಮಂತ್ರಿಗಳು ಲ್ಯೂ ಕುಲದವರನ್ನು ಬೇರುಸಹಿತ ಕಿತ್ತರು. ಗದ್ದುಗೆಯ ಮೇಲಿದ್ದ ಹುಡುಗ ನಿಜವಾದ ರಾಜರಕ್ತದವನಲ್ಲ ಎಂದು ಸಾರಿದರು. ಈಗ ಯಾರನ್ನು ತರುವುದು? ಚಿ ಸೀಮೆಯ ಅರಸ ಲಿಯು ಬಾಂಗ್‌ನ ಹಿರಿಮಗನ ಹಿರಿಮಗ, ಲ್ಯೂ ಕುಲದ ವಿರುದ್ಧ ಮೊದಲು ಸೈನ್ಯ ಎತ್ತಿದವನೂ ಅವನೇ. ಮಂತ್ರಿಗಳು ಅವನನ್ನು ಬೇಡವೆಂದರು. ಕಾರಣ ಅವನ ಸೋದರಮಾವ. ಆ ಮನುಷ್ಯ ಟೋಪಿ ಹಾಕಿಕೊಂಡ ಹುಲಿ, ಅವನು ಬಂದರೆ ಇನ್ನೊಂದು ಲ್ಯೂ ಕುಲ ತಲೆ ಎತ್ತುತ್ತದೆ ಎಂದರು. ಆರಿಸಿದ್ದು ಡಾಯ್ ಸೀಮೆಯ ಅರಸ ಲಿಯು ಹೆಂಗ್‌ನನ್ನು. ಲಿಯು ಬಾಂಗ್‌ನ ಬದುಕುಳಿದ ಮಕ್ಕಳಲ್ಲಿ ಹಿರಿಯ ಎಂಬುದು ಒಂದು ಕಾರಣ, ತಾಯಿ ಬೊ ಅವರ ತವರಿನವರು ಸಾಧು ಜನ ಎಂಬುದು ಇನ್ನೊಂದು. ಮಂತ್ರಿಗಳು ಚಕ್ರವರ್ತಿಯನ್ನು ಆರಿಸಲು ಕೂತು ಅಳೆದು ತೂಗಿದ್ದು ಅವನ ತಾಯಿಯ ತವರುಮನೆಯನ್ನು!

ಲಿಯು ಹೆಂಗ್ ಮೈಯೆಲ್ಲ ಕಣ್ಣಾಗಿದ್ದ. ಕರೆ ಬಂದ ಕೂಡಲೇ ಓಡಿಬರಲಿಲ್ಲ. ಮೊದಲು ಸೋದರಮಾವನನ್ನು ಕಳಿಸಿ ವಿಚಾರಿಸಿದ. ರಾಜಧಾನಿ ಚಾಂಗ್‌ಆನ್ ಹತ್ತಿರ ಬಂದಾಗ ಮತ್ತೆ ನಿಂತು ತನ್ನ ನಂಬಿಕೆಯ ಸೊಂಗ್ ಚಾಂಗ್‌ನನ್ನು ಮುಂದೆ ಕಳಿಸಿದ. ವೆಯಾಂಗ್ ಅರಮನೆ ಹೊಕ್ಕ ಆ ರಾತ್ರಿಯೇ ಸೊಂಗ್ ಚಾಂಗ್‌ನನ್ನು ರಾಜಧಾನಿಯ ಉತ್ತರ ಮತ್ತು ದಕ್ಷಿಣ ಪಡೆಗಳೆರಡಕ್ಕೂ ಸೇನಾಪತಿ ಮಾಡಿದ. ಡಾಯ್‌ನಿಂದ ಜೊತೆಗೆ ಬಂದ ಇನ್ನೊಬ್ಬನನ್ನು ಅರಮನೆಯ ಒಳಕಾವಲಿಗೆ ಮುಖ್ಯಸ್ಥನನ್ನಾಗಿಸಿದ. ಇಷ್ಟಾದ ಮೇಲೆ ಮುಂಭಾಗದ ಸಭಾಂಗಣಕ್ಕೆ ಬಂದು ಕೂತ. ಇಪ್ಪತ್ತಮೂರು ವರ್ಷ ಆಳಿದ, ಹಾಸಿಗೆಯಲ್ಲಿ ಸತ್ತ. ಇವನೇ ಹಾನ್ ವಂಶದ ವೆನ್ ಚಕ್ರವರ್ತಿ.

ಗುಬ್ಬಿಗೂಡು:
ಎಷ್ಟು ಚೆನ್ನಾಗಿ ಬರೆದಿದ್ದೀರಿ ಸರ್. ಲ್ಯೂ ರಾಣಿ ಸವತಿಯ ಕೈಕಾಲು ಕಡಿಸಿದಳು ಅಂತ ಓದಿದ್ದೆ. ಅದಕ್ಕೂ ಪಟ್ಟದ ಜಗಳವೇ ಕಾರಣವಾ?

ಸಮಾಜ ಮೇಡಂ:
ಹೌದಮ್ಮಾ. ಲಿಯು ಬಾಂಗ್‌ಗೆ ಚಿ ಎಂಬ ಕಿರಿಯ ಮಡದಿಯ ಮೇಲೆ ಮೋಹ, ಅವಳ ಮಗ ರುಯಿಯನ್ನೇ ಯುವರಾಜ ಮಾಡುವ ಆಸೆ. ಲ್ಯೂ ರಾಣಿ ಸಲಹೆ ಕೇಳಿದ್ದು ಮುತ್ಸದ್ದಿ ಝಾಂಗ್ ಲಿಯಾಂಗ್‌ನ ಬಳಿ. ಚಕ್ರವರ್ತಿ ಎಷ್ಟು ಕರೆದರೂ ಬಾರದೆ ಬೆಟ್ಟ ಸೇರಿದ್ದ ನಾಲ್ವರು ಹಿರಿಯರನ್ನು ಅವಳ ಮಗನ ಜೊತೆಗೆ ಸೇರಿಸುವಂತೆ ಅವನು ಹೇಳಿದ. ಔತಣವೊಂದರಲ್ಲಿ ಎಂಬತ್ತು ದಾಟಿದ, ಗಡ್ಡ ಹುಬ್ಬು ಎಲ್ಲ ಬೆಳ್ಳಗಾದ ಆ ನಾಲ್ವರು ಯುವರಾಜನ ಹಿಂದೆ ನಿಂತದ್ದನ್ನು ನೋಡಿ ಚಕ್ರವರ್ತಿ ಸೋತ. ಅವನಿಗೆ ರೆಕ್ಕೆ ಬಲಿತಿದೆ, ಇನ್ನು ಕದಲಿಸಲಾಗದು ಎಂದು ಚಿಗೆ ಹೇಳಿ, ಅವಳನ್ನು ಕುಣಿಯ ಹೇಳಿ, ತಾನು ಹಾಡಿದ. ಅವನು ಸತ್ತ ಮೇಲೆ ರುಯಿಗೆ ವಿಷ, ತಾಯಿಗೆ ನೀನು ಹೇಳಿದ ಶಿಕ್ಷೆ. ಅದನ್ನು ಕಣ್ಣಾರೆ ಕಂಡ ಲ್ಯೂಳ ಸ್ವಂತ ಮಗ, ಇದು ಮನುಷ್ಯರು ಮಾಡುವ ಕೆಲಸವಲ್ಲ ಎಂದು ಹೇಳಿ ಕಳಿಸಿ, ರಾಜ್ಯಭಾರದಿಂದ ಕೈತೊಳೆದುಕೊಂಡುಬಿಟ್ಟ.

ಗಮನಿಸು, ಇಲ್ಲಿ ಗೆದ್ದವನು ಪಟ್ಟದರಸಿಯ ಮಗನೇ. ನಿಯಮ ಪಾಲನೆಯಾಯಿತು. ಆದರೂ ರಕ್ತ ಹರಿಯಿತು.

ತುಂಗಾತೀರ:
ಹಾಗಾದರೆ ಎಲ್ಲದರ ನಡುವೆ ರಾಜಮಾತೆ ಇದ್ದಾಳೆ. ಅವಳ ತವರಿನವರನ್ನು ಕಂಡರೆ ಮಂತ್ರಿಗಳಿಗೆ ಹೆದರಿಕೆ. ಇದಕ್ಕೆ ಯಾವ ಚಕ್ರವರ್ತಿಯೂ ಮದ್ದು ಹುಡುಕಲಿಲ್ಲವೇ?

ಶಾಸನಪ್ರಿಯ:
ಹುಡುಕಿದರು, ಮದ್ದು ರೋಗಕ್ಕಿಂತ ಕ್ರೂರವಾಗಿತ್ತು. ವೂ ಚಕ್ರವರ್ತಿ ಕ್ರಿ.ಪೂ. 141ರಿಂದ 87ರವರೆಗೆ ಆಳಿದ. ಮುಪ್ಪಿನಲ್ಲಿ ತನಗೆ ಯಾರೋ ಮಾಟ ಮಾಡಿಸುತ್ತಿದ್ದಾರೆ ಎಂಬ ಭಯ ಹತ್ತಿತು. ಕ್ರಿ.ಪೂ. 91ರಲ್ಲಿ ಜಿಯಾಂಗ್ ಚೊಂಗ್ ಎಂಬ ಅಧಿಕಾರಿ ಯುವರಾಜ ಲಿಯು ಜು ಅರಮನೆಯ ನೆಲ ಅಗೆಸಿ ಮಾಟದ ಗೊಂಬೆ ಸಿಕ್ಕಿತೆಂದ. ತಂದೆ ಊರಲ್ಲಿರಲಿಲ್ಲ. ಬೇರೆ ದಾರಿ ಕಾಣದೆ ಯುವರಾಜ ಆ ಅಧಿಕಾರಿಯನ್ನು ಕೊಂದು ಆಯುಧ ಹಿಡಿದ. ಚಾಂಗ್‌ಆನ್ ಬೀದಿಗಳಲ್ಲಿ ದಿನಗಟ್ಟಲೆ ಕಾಳಗ ನಡೆಯಿತು. ಸೋತು ತಲೆಮರೆಸಿಕೊಂಡ ಯುವರಾಜ ಕೊನೆಗೆ ನೇಣು ಹಾಕಿಕೊಂಡ. ಅವನ ತಾಯಿ, ಮೂವತ್ತೆಂಟು ವರ್ಷ ಪಟ್ಟದರಸಿಯಾಗಿದ್ದ ವೇ ಝಿಫು, ಅವಳೂ ಪ್ರಾಣ ಕಳೆದುಕೊಂಡಳು. ಹೆಂಡತಿ, ಮಕ್ಕಳು, ಸೊಸೆ ಎಲ್ಲರೂ ಹೋದರು. ಉಳಿದದ್ದು ಹುಟ್ಟಿ ಕೆಲವೇ ತಿಂಗಳಾಗಿದ್ದ ಒಂದು ಮೊಮ್ಮಗು. ಅದನ್ನು ಸೆರೆಮನೆಗೆ ಹಾಕಿದರು.

ಆಮೇಲೆ ವೂ ಆರಿಸಿದ್ದು ಏಳೆಂಟು ವರ್ಷದ ಕಿರಿಮಗ ಫುಲಿಂಗ್‌ನನ್ನು. ಆ ಹುಡುಗನ ತಾಯಿ ಗೌಯಿ ಇನ್ನೂ ಚಿಕ್ಕ ಪ್ರಾಯದವಳು, ಮಗನಿಗೆ ಪಟ್ಟವಾಗುವ ಮುಂಚೆಯೇ ಸತ್ತಳು. ಬಾನ್ ಗು ಬರೆದ ಇತಿಹಾಸದಲ್ಲಿ ಚಕ್ರವರ್ತಿಯ ಬೈಗುಳಕ್ಕೆ ಕೊರಗಿ ಸತ್ತಳೆಂದಿದೆ. ಸಿಮಾ ಚಿಯೆನ್ ಕೃತಿಗೆ ನಂತರ ಸೇರಿದ ಭಾಗ ನೇರವಾಗಿಯೇ ಹೇಳುತ್ತದೆ: ಆಕೆಯನ್ನು ಸೆರೆಗೆ ದೂಡಲಾಯಿತು, ಎಳೆಯ ಅರಸನಿಗೆ ಪ್ರಾಯದ ತಾಯಿಯಿದ್ದರೆ ರಾಜ್ಯ ಕೆಡುತ್ತದೆ, ಲ್ಯೂ ರಾಣಿಯ ಕಥೆ ಕೇಳಿಲ್ಲವೇ ಎಂದು ಚಕ್ರವರ್ತಿ ಸಮರ್ಥಿಸಿಕೊಂಡ. ಮಗನ ರಕ್ಷಣೆಗೆ ಆರಿಸಿದ್ದು ಹುವೊ ಗುವಾಂಗ್ ಎಂಬ ನಂಬುಗೆಯ ಅಧಿಕಾರಿಯನ್ನು. ಹಿಂದೆ ಅಣ್ಣನ ಎಳೆಯ ಮಗನ ಪರವಾಗಿ ರಾಜ್ಯ ನೋಡಿಕೊಂಡ ಝೌ ಪ್ರಭು, ಆ ಎಳೆಯ ಅರಸನನ್ನು ಹೊತ್ತು ನಿಂತ ಚಿತ್ರವೊಂದನ್ನು ಬರೆಸಿ ಅವನಿಗೆ ಕೊಟ್ಟಿದ್ದ.

ಮಲಪ್ರಭಾ:
ಆ ಕೂಸು ಏನಾತ್ರಿ? ಸೆರಿಮನಿಯಾಗಿಂದು?

ಶಾಸನಪ್ರಿಯ:
ಅದರ ಕಥೆ ಬರೆಯುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಸೆರೆಮನೆಯ ಮೇಲ್ವಿಚಾರಣೆ ಬಿಂಗ್ ಜಿ ಎಂಬ ಅಧಿಕಾರಿಯದ್ದಾಗಿತ್ತು. ಮಗು ನಿರಪರಾಧಿ ಎಂದು ಅವನಿಗೆ ಗೊತ್ತಿತ್ತು. ಸೆರೆಯಲ್ಲಿದ್ದ ಹೆಂಗಸರಲ್ಲಿ ನಂಬಿಕಸ್ಥರನ್ನು ಆರಿಸಿ ಹಾಲೂಡಿಸಿದ, ಒಣಗಿದ ಎತ್ತರದ ಜಾಗದಲ್ಲಿ ಮಲಗಿಸಿದ, ಕಾಯಿಲೆ ಬಂದಾಗಲೆಲ್ಲ ವೈದ್ಯ, ಔಷಧಿ ನೋಡಿಕೊಂಡ. ಕ್ರಿ.ಪೂ. 87ರಲ್ಲಿ ಜೋಯಿಸರು ಚಾಂಗ್‌ಆನ್‌ನ ಸೆರೆಮನೆಗಳ ಮೇಲೆ ಚಕ್ರವರ್ತಿಯ ತೇಜಸ್ಸು ಕಾಣುತ್ತಿದೆ ಎಂದುಬಿಟ್ಟರು. ಮುದಿ ವೂ ಎಲ್ಲ ಕೈದಿಗಳನ್ನೂ, ಅಪರಾಧ ದೊಡ್ಡದೋ ಚಿಕ್ಕದೋ ನೋಡದೆ, ಕೊಲ್ಲಲು ಆಜ್ಞೆ ಮಾಡಿದ. ರಾತ್ರಿ ದೂತ ಬಂದು ಬಾಗಿಲು ತಟ್ಟಿದ. ಬಿಂಗ್ ಜಿ ಬಾಗಿಲು ತೆಗೆಯಲಿಲ್ಲ. ಚಕ್ರವರ್ತಿಯ ಮರಿಮಗ ಇಲ್ಲಿದ್ದಾನೆ, ತಪ್ಪಿಲ್ಲದ ಸಾಮಾನ್ಯರನ್ನೇ ಕೊಲ್ಲಬಾರದು, ಸ್ವಂತ ಮರಿಮಗನನ್ನು ಕೊಲ್ಲುವುದುಂಟೇ ಎಂದು ಒಳಗಿನಿಂದಲೇ ಹೇಳಿದ. ಬೆಳಗಾಗುವವರೆಗೂ ಹಾಗೇ ನಿಂತ. ದೂತ ಮರಳಿ ಹೋಗಿ ದೂರು ಕೊಟ್ಟ. ಆ ಹೊತ್ತಿಗೆ ವೂಗೆ ಏನೋ ಹೊಳೆದಿರಬೇಕು, ಇದು ದೈವದ ಇಚ್ಛೆ ಎಂದು ಎಲ್ಲರಿಗೂ ಕ್ಷಮಾದಾನ ಕೊಟ್ಟ. ಆ ಮಗುವಿನ ಹೆಸರು ಲಿಯು ಬಿಂಗ್‌ಯಿ.

ಇಲ್ಲೂ ಒಂದು ಬಾಗಿಲೇ. ಫುಸು ಮರುಮಾತಿಲ್ಲದೆ ಒಪ್ಪಿಕೊಂಡ ಅಂಥದೇ ಅಪ್ಪಣೆಯನ್ನು ಈ ಸಾಮಾನ್ಯ ಅಧಿಕಾರಿ ಒಂದು ರಾತ್ರಿ ತಡೆದು ನಿಲ್ಲಿಸಿದ.

ಕಟಕಟೆ:
ಅದ್ಭುತ. ಈಗ ನನ್ನ ಸರದಿ, ಕ್ರಿ.ಪೂ. 74ನೇ ವರ್ಷವನ್ನು ನನಗೆ ಬಿಡಿ. ಫುಲಿಂಗ್ ಇಪ್ಪತ್ತರ ಆಸುಪಾಸಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅವನ ರಾಣಿಗೆ ಹದಿನೈದರ ಪ್ರಾಯ, ಹುವೊ ಗುವಾಂಗ್‌ನ ಮಗಳ ಮಗಳು. ಕರೆ ಹೋದದ್ದು ವೂ ಚಕ್ರವರ್ತಿಯ ಮೊಮ್ಮಗ, ಚಾಂಗ್‌ಯಿ ಸೀಮೆಯ ಅರಸ ಲಿಯು ಹೆಗೆ. ಪಟ್ಟವೇರಿದ ಇಪ್ಪತ್ತೇಳೇ ದಿನಕ್ಕೆ ಅವನನ್ನು ಇಳಿಸಿದರು.

ಹೇಗೆ ಇಳಿಸಿದರು ನೋಡಿ. ಹುವೊ ಗುವಾಂಗ್ ಮಂತ್ರಿಗಳ ಸಭೆ ಕರೆದು ವಿಷಯ ಇಟ್ಟಾಗ ಎಲ್ಲರ ಮುಖ ಬಿಳಿಚಿತು. ಟಿಯೆನ್ ಯೆನ್‌ನಿಯೆನ್ ಎಂಬುವನು ಎದ್ದು ಖಡ್ಗದ ಹಿಡಿಯ ಮೇಲೆ ಕೈಯಿಟ್ಟು, ತಡಮಾಡಿದವನ ತಲೆ ಕಡಿಯುತ್ತೇನೆ ಎಂದ. ಎಲ್ಲರೂ ಒಪ್ಪಿದರು. ಇಷ್ಟು ಬಲ ಕೈಯಲ್ಲಿದ್ದೂ ಹುವೊ ಗುವಾಂಗ್ ನೇರವಾಗಿ ಇಳಿಸಲಿಲ್ಲ. ಗಂಡ ಸತ್ತ ಮೇಲೆ ಪದವಿಯಿಂದ ರಾಜಮಾತೆಯಾಗಿದ್ದ ಹದಿನೈದು ವರ್ಷದ ಆ ರಾಣಿ ಮುತ್ತಿನ ಮೇಲಂಗಿ ತೊಟ್ಟು ಸಭಾಂಗಣದಲ್ಲಿ ಕೂತಳು, ಸುತ್ತ ನೂರಾರು ಶಸ್ತ್ರಧಾರಿಗಳು. ಮಂತ್ರಿಗಳೆಲ್ಲರ ಹೆಸರಿದ್ದ ದೋಷಾರೋಪಣೆಯನ್ನು ಓದಿದರು. ಶೋಕದ ದಿನಗಳಲ್ಲಿ ಮಾಂಸ ತಿಂದ, ದಾರಿಯಲ್ಲಿ ಹೆಂಗಸರನ್ನು ಬಂಡಿಯಲ್ಲಿ ತಂದ, ಸತ್ತ ಚಕ್ರವರ್ತಿಯ ಶವದ ಮುಂದೆ ಪಡೆದ ಮುದ್ರೆಯ ಪೆಟ್ಟಿಗೆ ತೆರೆದು ಮತ್ತೆ ಮುಚ್ಚಲಿಲ್ಲ, ಹೀಗೆ. ನಡುವೆ ರಾಜಮಾತೆ, ನಿಲ್ಲಿಸಿ, ಒಬ್ಬ ಮಗ ಇಷ್ಟು ಕೆಡುವುದುಂಟೇ ಎಂದಳು. ನಂತರ ಮುಂದಕ್ಕೆ ಓದಿದರು.

ಕಾನೂನಿನ ನಿಜವಾದ ಗಂಟು ಕೊನೆಯಲ್ಲಿತ್ತು: ಈತ ಇನ್ನೂ ವಂಶಸ್ಥಾಪಕನ ಗುಡಿಗೆ ಹೋಗಿ ಆಣತಿ ಪಡೆದಿಲ್ಲ, ಆದ್ದರಿಂದ ವಂಶದ ಸರದಿ ಹಿಡಿಯಲು ಯೋಗ್ಯನಲ್ಲ. ಪೂರ್ವಜರ ಮುಂದೆ ಪಟ್ಟಾಭಿಷೇಕ ಮುಗಿಯದ ಕಾರಣ ಇಳಿಸುವುದಕ್ಕೆ ದಾರಿಯಿತ್ತು. ಲಿಯು ಹೆ ಸುಮ್ಮನಿರಲಿಲ್ಲ. ಎದುರು ಮಾತಾಡುವ ಏಳು ಮಂತ್ರಿಗಳಿದ್ದರೆ ದಾರಿ ತಪ್ಪಿದ ಚಕ್ರವರ್ತಿಯೂ ರಾಜ್ಯ ಕಳೆದುಕೊಳ್ಳುವುದಿಲ್ಲವೆಂದು ಕೇಳಿದ್ದೇನೆ ಎಂದ. ಪುರಾತನ ಗ್ರಂಥದ ಮಾತನ್ನೇ ಎತ್ತಿ ಹಾಕಿದ್ದ. ರಾಜಮಾತೆ ನಿನ್ನನ್ನು ಇಳಿಸಿದ್ದಾರೆ, ನೀನೆಲ್ಲಿಯ ಚಕ್ರವರ್ತಿ ಎಂದು ಹುವೊ ಗುವಾಂಗ್ ಅವನ ಕೈಹಿಡಿದು, ಮುದ್ರೆಯ ದಾರ ಬಿಚ್ಚಿ, ರಾಜಮಾತೆಗೆ ಒಪ್ಪಿಸಿದ.

ಬಲಶಾಲಿಗೂ ರಾಜಮಾತೆಯ ಅಪ್ಪಣೆ, ಲಿಖಿತ ದೋಷಾರೋಪ, ಪೂರ್ವಜರ ಗುಡಿ ಈ ಮೂರೂ ಬೇಕಾದವು. ಅದಕ್ಕೇ ಹೇಳುವುದು, ನಿಯಮಕ್ಕೆ ಜೀವವಿತ್ತು.

ಶಾಸನಪ್ರಿಯ:
ಕಟಕಟೆ ಅವರೇ, ಆ ಸಭೆಗೆ ಸ್ವಲ್ಪ ಮುಂಚೆ ನಡೆದದ್ದನ್ನು ನೀವು ಬಿಟ್ಟಿರಿ. ಲಿಯು ಹೆ ರಾಜಮಾತೆಯನ್ನು ಕಂಡು ತನ್ನ ಕೋಣೆಗೆ ಮರಳುತ್ತಿದ್ದ. ಅರಮನೆಯ ಒಳಬಾಗಿಲ ಎರಡೂ ಕದಗಳನ್ನು ಹಿಡಿದು ನಿಂತಿದ್ದ ಸೇವಕರು ಅವನು ಒಳಬಂದ ಕೂಡಲೇ ಮುಚ್ಚಿಬಿಟ್ಟರು. ಚಾಂಗ್‌ಯಿಯಿಂದ ಅವನ ಜೊತೆ ಬಂದವರು ಹೊರಗುಳಿದರು. ಇದೇನು ಎಂದು ಕೇಳಿದರೆ, ಚಾಂಗ್‌ಯಿಯವರನ್ನು ಒಳಬಿಡಬೇಡಿ ಎಂದು ರಾಜಮಾತೆಯ ಅಪ್ಪಣೆ ಎಂದ ಹುವೊ ಗುವಾಂಗ್. ನಿಧಾನವಾಗಿ ಮಾಡಬಹುದಿತ್ತಲ್ಲ, ಹೀಗೆ ಹೆದರಿಸುವುದೇಕೆ ಎಂದು ಆ ಹುಡುಗ ಕೇಳಿದ್ದು ದಾಖಲಾಗಿದೆ. ಹೊರಗೆ ಅವನ ಇನ್ನೂರಕ್ಕೂ ಹೆಚ್ಚು ಜನರನ್ನು ಅಶ್ವಪಡೆ ಹಿಡಿದು ಕಟ್ಟಿತು. ದೋಷಾರೋಪ ಓದುವ ಹೊತ್ತಿಗೆ ಎಲ್ಲ ಮುಗಿದಿತ್ತು.

ವೆನ್ ಚಕ್ರವರ್ತಿಯನ್ನು ನೆನಪಿಸಿಕೊಳ್ಳಿ. ಅವನು ಮೊದಲ ರಾತ್ರಿಯೇ ಮಾಡಿದ್ದನ್ನು ಲಿಯು ಹೆ ಇಪ್ಪತ್ತೇಳು ದಿನದಲ್ಲೂ ಪೂರ್ತಿ ಮಾಡಲಿಲ್ಲ. ಶುರುಮಾಡಿದ್ದಂತೂ ಹೌದು, ತನ್ನ ಸೀಮೆಯ ಪ್ರಧಾನಿಯನ್ನು ರಾಜಮಾತೆ ವಾಸಿಸುವ ಚಾಂಗ್‌ಲೆ ಅರಮನೆಯ ಕಾವಲಿಗೆ ಮುಖ್ಯಸ್ಥನನ್ನಾಗಿ ನೇಮಿಸಿದ್ದ. ಹುವೊ ಗುವಾಂಗ್ ಎಚ್ಚೆತ್ತದ್ದು ಮಾಂಸದೂಟಕ್ಕಲ್ಲ, ಈ ನೇಮಕಕ್ಕೆ ಎಂಬುದು ನನ್ನ ಅಭಿಪ್ರಾಯ. ಆ ಇನ್ನೂರು ಜನ ಕೊಲೆಗಂಬಕ್ಕೆ ಹೋಗುವಾಗ ಸಂತೆಯಲ್ಲಿ ಕೂಗಿದರಂತೆ: ತೀರ್ಮಾನಿಸಬೇಕಾದಾಗ ತೀರ್ಮಾನಿಸದೆ ಕೆಟ್ಟೆವು! ಒಳಗೇನೋ ಯೋಜನೆ ನಡೆದಿತ್ತು ಎಂದಾಯಿತಲ್ಲ.

ಗುಬ್ಬಿಗೂಡು:
ಇಪ್ಪತ್ತೇಳು ದಿನದಲ್ಲಿ 1127 ಕೆಟ್ಟ ಕೆಲಸ ಮಾಡಿದ ಅಂತ ಒಂದು ವಿಡಿಯೊದಲ್ಲಿ ನೋಡಿದ್ದೆ. ದಿನಕ್ಕೆ ನಲವತ್ತು ಆಗುತ್ತದಲ್ಲ! ಅದು ನಿಜವಾ?

ಶಾಸನಪ್ರಿಯ:
ಆ ಸಂಖ್ಯೆ ಬಾನ್ ಗುವಿನ ಇತಿಹಾಸದಲ್ಲಿದೆ, ಅರ್ಥ ಬೇರೆ. ಅಧಿಕಾರದಂಡ ಕೊಟ್ಟು ದೂತರನ್ನು ಎಲ್ಲ ದಿಕ್ಕಿಗೂ ಅಟ್ಟಿ, ಸರ್ಕಾರಿ ಕಚೇರಿಗಳಿಂದ ವಸ್ತುಗಳನ್ನೋ ಜನರನ್ನೋ ತರಿಸಿಕೊಂಡ ಪ್ರಸಂಗಗಳು ಒಟ್ಟು 1127 ಎಂದು ದೋಷಾರೋಪದಲ್ಲಿದೆ. ಅಂದರೆ ಹೊಸ ಚಕ್ರವರ್ತಿ ಹುವೊ ಗುವಾಂಗ್‌ನನ್ನು ಕೇಳದೆ ಆಡಳಿತಕ್ಕೆ ನೇರವಾಗಿ ಆಜ್ಞೆ ಕಳಿಸುತ್ತಿದ್ದ. ಲಂಪಟ ಎಂದು ಚಿತ್ರಿಸಿದ ಪತ್ರದಲ್ಲೇ ಅವನು ದುಡಿಯುತ್ತಿದ್ದ ಅರಸ ಎಂಬ ಸುಳಿವೂ ಇದೆ.

ಸಮಾಜ ಮೇಡಂ:
ಲಿಯು ಹೆಯ ಸಮಾಧಿ ಸಿಕ್ಕಿದೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! 2011ರಲ್ಲಿ ಜಿಯಾಂಗ್‌ಶಿ ಪ್ರಾಂತ್ಯದ ನಾನ್‌ಚಾಂಗ್ ಹತ್ತಿರ ಕಳ್ಳರು ಸುರಂಗ ಕೊರೆದದ್ದು ಗೊತ್ತಾಗಿ ಉತ್ಖನನ ಶುರುವಾಯಿತು. ಕಳ್ಳರ ಸುರಂಗ ಕೋಣೆಯ ನಟ್ಟನಡುವಿಗೆ ಇಳಿದಿತ್ತು. ಶವಪೆಟ್ಟಿಗೆ ಈಶಾನ್ಯ ಮೂಲೆಯಲ್ಲಿದ್ದದ್ದರಿಂದ ಉಳಿಯಿತು. ನೂರು ಕಿಲೋಗೂ ಮಿಕ್ಕಿ ಚಿನ್ನ, ಹತ್ತು ಟನ್ ಮೀರಿದ ತಾಮ್ರದ ನಾಣ್ಯಗಳು, ಸಾವಿರಾರು ಬಿದಿರು ಪಟ್ಟಿಗಳು. ಆ ಪಟ್ಟಿಗಳಲ್ಲಿ ಕನ್‌ಫ್ಯೂಶಿಯಸ್‌ನ ಉಪದೇಶಗಳಿವೆ, ಅವನ ಚಿತ್ರವಿರುವ ಕನ್ನಡಿಯ ಚೌಕಟ್ಟೂ ಸಿಕ್ಕಿತು. ಶವದ ಬಳಿ ಅವನ ಹೆಸರು ಕೊರೆದ ಜೇಡ್ ಶಿಲೆಯ ಮುದ್ರೆ ಇತ್ತು, ಹೊಟ್ಟೆಯ ಜಾಗದಲ್ಲಿ ಕರಬೂಜದ ಬೀಜಗಳು.

ನನ್ನ ಮನಸ್ಸು ಕಲಕಿದ್ದು ಚಿನ್ನದ ಬಿಲ್ಲೆಗಳು. ಇಳಿಸಿದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಅವನನ್ನು ಕಾವಲಿನಲ್ಲಿಟ್ಟು, ಕ್ರಿ.ಪೂ. 63ರಲ್ಲಿ ದಕ್ಷಿಣದ ಹಾಯ್‌ಹುನ್ ಎಂಬ ಸಣ್ಣ ಸೀಮೆ ಕೊಟ್ಟು ಕಳಿಸಿದರು. ಪೂರ್ವಜರ ಗುಡಿಯ ಪೂಜೆಯಲ್ಲಿ ಪಾಲ್ಗೊಳ್ಳುವಂತಿಲ್ಲ ಎಂಬ ಷರತ್ತಿನ ಮೇಲೆ. ಆ ಪೂಜೆಗೆ ಸಾಮಂತರು ಕಾಣಿಕೆಯಾಗಿ ಚಿನ್ನ ಸಲ್ಲಿಸಬೇಕಿತ್ತು. ಅದೇ ವರ್ಷದ ಕಾಣಿಕೆ ಎಂದು, ನಿಮ್ಮ ಸೇವಕ ಹೆ ಎಂದು ಮಸಿಯಲ್ಲಿ ಬರೆದ ಬಿಲ್ಲೆಗಳು ಅವನ ಸಮಾಧಿಯಲ್ಲೇ ಸಿಕ್ಕಿವೆ. ಯಾವ ಗುಡಿಗೆ ಹೋಗಲಿಲ್ಲವೆಂದು ಪಟ್ಟ ಕಳೆದುಕೊಂಡನೋ, ಆ ಗುಡಿಗೆಂದು ಸಿದ್ಧಮಾಡಿದ ಚಿನ್ನ.

ತುಂಗಾತೀರ:
ಈ ವಿವರ ನನಗೆ ಗೊತ್ತೇ ಇರಲಿಲ್ಲ, ತುಂಬಾ ಧನ್ಯವಾದ ಮೇಡಂ. ಅವನ ಬದಲು ಬಂದವನು ಸೆರೆಮನೆಯ ಮಗುವೇ?

ಶಾಸನಪ್ರಿಯ:
ಅವನೇ, ಹದಿನೆಂಟು ವರ್ಷದ ಲಿಯು ಬಿಂಗ್‌ಯಿ. ಬೀದಿಯಲ್ಲಿ ಬೆಳೆದವನು, ಸೆರೆಮನೆ ನೌಕರನ ಮಗಳನ್ನು ಮದುವೆಯಾಗಿದ್ದ. ಹೆಸರು ಸೂಚಿಸಿದ್ದು ಬಿಂಗ್ ಜಿ. ಹುವೊ ಗುವಾಂಗ್‌ಗೆ ಇವನಲ್ಲಿ ಕಂಡದ್ದು, ನನ್ನ ಪ್ರಕಾರ, ಇವನಿಗೆ ಏನೂ ಇರಲಿಲ್ಲ ಎಂಬುದೇ. ತಾಯಿಯಿಲ್ಲ, ಸೀಮೆಯಿಲ್ಲ, ಜೊತೆಗೆ ತರುವ ಇನ್ನೂರು ಜನವೂ ಇಲ್ಲ. ಕ್ರಿ.ಪೂ. 180ರಲ್ಲಿ ವೆನ್‌ನನ್ನು ಆರಿಸಿದಾಗಿನ ಲೆಕ್ಕಾಚಾರವೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು.

ಕಟಕಟೆ:
ಆದರೂ ಸಾಮಾನ್ಯ ಪ್ರಜೆಯನ್ನು ನೇರ ಗದ್ದುಗೆಗೆ ಕೂರಿಸಲಿಲ್ಲ, ಮೊದಲು ಸಾಮಂತ ಪದವಿ ಕೊಟ್ಟು, ಆಮೇಲೆ ಪಟ್ಟ ಕಟ್ಟಿದರು. ವಂಶಸ್ಥಾಪಕನ ಗುಡಿಗೂ ಕೂಡಲೇ ಕರೆದೊಯ್ದರು. ಈ ಸಲ ಆ ತೊಡಕು ಉಳಿಯಬಾರದೆಂದು.

ಮಲಪ್ರಭಾ:
ಆ ಪೂಜಿಗೆ ಹೋಗುವಾಗ ಹುವೊ ಗುವಾಂಗ್ ಒಂದೇ ರಥದಾಗ ಬಾಜೂಕ ಕುಂತಿದ್ನಂತ. ಚಕ್ರವರ್ತಿಗೆ ಬೆನ್ನಾಗ ಮುಳ್ಳು ಚುಚ್ಚಿದಂಗ ಆಗಿತ್ತಂತ ಓದೀನಿ. ಹೆಂಡತಿ ವಿಷಯದಾಗ ಮಾತ್ರ ಆಂವ ಬಗ್ಗಲಿಲ್ಲ. ಮಂತ್ರಿಗಳೆಲ್ಲ ಹುವೊ ಗುವಾಂಗ್‌ನ ಮಗಳನ್ನ ಪಟ್ಟದರಸಿ ಮಾಡ್ಬೇಕಂತ ಕಾಯ್ಕೊಂಡು ಕುಂತಿದ್ರ, ಬಡವ ಇದ್ದಾಗಿನ ನನ್ನ ಹಳೇ ಕತ್ತಿ ಹುಡುಕಿ ಕೊಡ್ರಿ ಅಂತ ಆಜ್ಞಾ ಮಾಡಿದ. ಮಂತ್ರಿಗಳಿಗೆ ತಿಳೀತು. ಶೂ ಪಿಂಗ್‌ಜುನ್ ರಾಣಿ ಆದ್ಲು. ಈ ಮಾತು ನನಗ ಭಾಳ ಸೇರ್ತದ.

ಶಾಸನಪ್ರಿಯ:
ಆ ರಾಣಿಗೆ ಆಯುಸ್ಸು ಸಿಗಲಿಲ್ಲ ಮಲಪ್ರಭಾ ಅವರೇ. ಕ್ರಿ.ಪೂ. 71ರಲ್ಲಿ ಹೆರಿಗೆಯ ನಂತರ ಅರಮನೆಯ ವೈದ್ಯೆಯ ಕೈಯಿಂದ ವಿಷಬೇರಿನ ಔಷಧಿ ಕುಡಿಸಿ ಕೊಂದರು. ಮಾಡಿಸಿದವಳು ಹುವೊ ಗುವಾಂಗ್‌ನ ಹೆಂಡತಿ, ತನ್ನ ಮಗಳು ರಾಣಿಯಾಗಲೆಂದು. ಮಗಳು ರಾಣಿಯೂ ಆದಳು. ಕ್ರಿ.ಪೂ. 68ರಲ್ಲಿ ಹುವೊ ಗುವಾಂಗ್ ಸತ್ತ ಮೇಲೆ ಚಕ್ರವರ್ತಿ ಆತುರಪಡಲಿಲ್ಲ. ಮೊದಲು ಪಿಂಗ್‌ಜುನ್ ಹೆತ್ತ ಮಗನನ್ನು ಯುವರಾಜ ಮಾಡಿದ. ಆಮೇಲೆ ಹುವೊ ಕುಲದ ಅಳಿಯಂದಿರನ್ನು ಒಬ್ಬೊಬ್ಬರಾಗಿ ಅರಮನೆಯ ಕಾವಲು ಪಡೆಗಳಿಂದ ತೆಗೆದು ದೂರದ ಊರುಗಳಿಗೆ ಹಾಕಿದ, ಆ ಜಾಗಗಳಿಗೆ ಹೆಂಡತಿಯ ಮತ್ತು ಅಜ್ಜಿಯ ತವರಿನವರನ್ನು ತಂದ. ಬಾಗಿಲುಗಳೆಲ್ಲ ಕೈಗೆ ಬಂದ ಮೇಲೆ, ಕ್ರಿ.ಪೂ. 66ರಲ್ಲಿ, ಹುವೊ ಕುಲ ಉಳಿಯಲಿಲ್ಲ. ಹದಿನೈದರ ಪ್ರಾಯದಲ್ಲಿ ಮುತ್ತಿನ ಮೇಲಂಗಿ ತೊಟ್ಟ ಆ ರಾಜಮಾತೆಗೆ ಮಾತ್ರ ಏನೂ ಆಗಲಿಲ್ಲ, ಅರಮನೆಯಲ್ಲೇ ಮುದುಕಿಯಾಗಿ ತೀರಿಕೊಂಡಳು.

ಸಮಾಜ ಮೇಡಂ:
ತವರಿನವರನ್ನು ತಂದ ಎಂದಿರಲ್ಲ, ಮುಂದಿನ ಪೆಟ್ಟಿನ ಬೀಜ ಅದೇ. ಇದೇ ಚಕ್ರವರ್ತಿಯ ಮೊಮ್ಮಗನ ಕಾಲದಲ್ಲಿ ರಾಜಮಾತೆ ವಾಂಗ್‌ಳ ತವರು ಬಲಿಯಿತು. ಆಕೆಯ ಸೋದರಳಿಯ ವಾಂಗ್ ಮಾಂಗ್ ಕ್ರಿ.ಶ. 9ರಲ್ಲಿ ಹಾನ್ ವಂಶವನ್ನೇ ಬದಿಗೊತ್ತಿ ತಾನು ಚಕ್ರವರ್ತಿಯಾದ. ಮುದ್ರೆ ಕೇಳಿ ಕಳಿಸಿದಾಗ ಮುದುಕಿ ಅತ್ತು, ಬೈದು, ಅದನ್ನು ನೆಲಕ್ಕೆ ಎಸೆದಳು.

ವಾಂಗ್ ಮಾಂಗ್ ನಂತರ ಮತ್ತೆ ತಲೆ ಎತ್ತಿದ ಪೂರ್ವ (ಅಂದರೆ ಮೂಡಣ) ಹಾನ್ ಕಾಲದಲ್ಲಂತೂ ಹುಟ್ಟಿ ನೂರು ದಿನ ದಾಟಿದ ಶಿಶುವಿಗೂ ಪಟ್ಟ ಕಟ್ಟಿದ್ದಾರೆ. ಕ್ರಿ.ಶ. 146ರಲ್ಲಿ ಎಂಟು ವರ್ಷದ ಹುಡುಗ ಚಕ್ರವರ್ತಿ, ರಾಜಮಾತೆಯ ಅಣ್ಣ ಲಿಯಾಂಗ್ ಜಿಯನ್ನು ತುಂಬಿದ ಸಭೆಯಲ್ಲಿ ದರ್ಪದ ಸೇನಾಪತಿ ಎಂದು ಕರೆದ. ಕೆಲವೇ ದಿನದಲ್ಲಿ ತಿಂಡಿಯಲ್ಲಿ ವಿಷ ಬೆರೆಸಿದರು. ನೀರು ಕೊಟ್ಟರೆ ಬದುಕುತ್ತೇನೆ ಎಂದು ಆ ಮಗು ಬೇಡಿತು, ಲಿಯಾಂಗ್ ಜಿ ಪಕ್ಕದಲ್ಲೇ ನಿಂತು ನೀರು ಕೊಡಬೇಡಿ ಎಂದ.

ಗುಬ್ಬಿಗೂಡು:
ತಾಯಿಯನ್ನೇ ಕೊಲ್ಲುವ ವೂ ಚಕ್ರವರ್ತಿಯ ದಾರಿಯನ್ನು ಆಮೇಲೆ ಯಾರೂ ಹಿಡಿಯಲಿಲ್ಲ ಅಲ್ವಾ?

ಶಾಸನಪ್ರಿಯ:
ಹಿಡಿದರು. ಹಾನ್ ವಂಶ ಮುಗಿದ ಎಷ್ಟೋ ಕಾಲದ ನಂತರ ಉತ್ತರ ಚೀನಾವನ್ನು ಆಳಿದ ಉತ್ತರ ವೇ ವಂಶದಲ್ಲಿ ಅದು ಪದ್ಧತಿಯೇ ಆಯಿತು. ಸ್ಥಾಪಕ ಟುಓಬಾ ಗುಯಿ ಯುವರಾಜನ ತಾಯಿಯನ್ನು ಕೊಲ್ಲಿಸಿ, ಅಳುತ್ತಿದ್ದ ಮಗನಿಗೆ ವೂ ಚಕ್ರವರ್ತಿಯ ನಿದರ್ಶನವನ್ನೇ ಕೊಟ್ಟ. ಸುಮಾರು ನೂರು ವರ್ಷದ ನಂತರ ಒಬ್ಬ ಚಕ್ರವರ್ತಿ ಮನಸ್ಸಾಗದೆ ಹು ಎಂಬಾಕೆಯನ್ನು ಉಳಿಸಿದ. ಆಕೆ ರಾಜಮಾತೆಯಾಗಿ ಆಳಿ, ಕ್ರಿ.ಶ. 528ರಲ್ಲಿ ಸ್ವಂತ ಮಗ ಸತ್ತಾಗ ಅವನ ಹೆಣ್ಣುಶಿಶುವನ್ನು ಗಂಡೆಂದು ಹೇಳಿ ಗದ್ದುಗೆಯ ಮೇಲಿಟ್ಟಳು. ತಾಯಂದಿರನ್ನು ಕೊಂದ ಕಾಲದಲ್ಲೂ ಅರಮನೆಯಲ್ಲಿ ಸಾಕುತಾಯಂದಿರು ಅದೇ ಅಧಿಕಾರ ನಡೆಸಿದ್ದರು. ಅಷ್ಟೊಂದು ಹೆಣ್ಣುಮಕ್ಕಳು ವ್ಯರ್ಥವಾಗಿ ಸತ್ತರು. ಇದನ್ನು ನೆನೆದರೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ತುಂಗಾತೀರ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಒಂದು ಕೊನೆಯ ಪ್ರಶ್ನೆ. ಲಿಯು ಹೆಯ ಸಂತತಿ ಉಳಿಯಿತೇ?

ಸಮಾಜ ಮೇಡಂ:
ಉಳಿಯಿತು. ಅವನು ಕ್ರಿ.ಪೂ. 59ರಲ್ಲಿ ಮೂವತ್ತು ದಾಟಿದ ಪ್ರಾಯದಲ್ಲೇ ಸತ್ತ. ಉತ್ತರಾಧಿಕಾರಿಯೆಂದು ಹೆಸರಿಸಿದ ಮಗನೂ ಸತ್ತ, ಅವನ ಬದಲು ಹೆಸರಿಸಿದ ತಮ್ಮನೂ ಸತ್ತ. ದೈವವೇ ಈ ವಂಶ ಮುಂದುವರಿಯುವುದು ಬೇಡವೆಂದಿದೆ ಎಂದು ಸ್ಥಳೀಯ ಅಧಿಕಾರಿ ಬರೆದುಕೊಂಡ ಮೇಲೆ ಸೀಮೆಯನ್ನು ರದ್ದುಮಾಡಿದರು. ಕ್ರಿ.ಪೂ. 46ರಲ್ಲಿ, ಪಿಂಗ್‌ಜುನ್‌ಳ ಮಗ ಆಳುತ್ತಿದ್ದಾಗ, ಲಿಯು ಹೆಯ ಇನ್ನೊಬ್ಬ ಮಗನಿಗೆ ಹಾಯ್‌ಹುನ್ ಪದವಿಯನ್ನು ಮರಳಿ ಕೊಟ್ಟರು. ನೂರಕ್ಕೂ ಹೆಚ್ಚು ವರ್ಷದ ನಂತರ ಬಾನ್ ಗು ಈ ಅಧ್ಯಾಯ ಬರೆಯುವಾಗ, ಆ ಮನೆತನದವರು ಈಗಲೂ ಅದೇ ಪದವಿಯಲ್ಲಿದ್ದಾರೆ ಎಂದು ದಾಖಲಿಸಿದ್ದಾನೆ.